ಹಿರೇಬೆಣಕಲ್ ಕಾಲ್ದಾರಿ: ಮೊರೇರ ಗುಡ್ಡಕ್ಕೆ ಹೋಗುವವರು ತಿಳಿದಿರಬೇಕಾದದ್ದು

ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಕಾಲ್ದಾರಿಗೆ ಐದಕ್ಕೆ ನಾಲ್ಕು ಅಂಕ. ಕಳೆದ ಒಂದು ಅಂಕ ಪೂರ್ತಿಯಾಗಿ ವ್ಯವಸ್ಥೆಯ ಲೆಕ್ಕಕ್ಕೆ ಹೋಗುತ್ತದೆ. ಹಾದಿ ಚೆನ್ನಾಗಿದೆ, ಗುಡ್ಡ ಅದಕ್ಕಿಂತ ಚೆನ್ನಾಗಿದೆ, ಮೇಲಿರುವ ಕಲ್ಮನೆಗಳಿಗೆ, ಎಂದರೆ ಚಪ್ಪಡಿ ನಿಲ್ಲಿಸಿ ಕಟ್ಟಿದ ಪ್ರಾಚೀನ ಸಮಾಧಿಗಳಿಗೆ, ಅಂಕ ಕೊಡುವ ಮಾತೇ ಬರುವುದಿಲ್ಲ. ಅರ್ಧ ದಿನದ ನಡಿಗೆಯಲ್ಲಿ, ಎರಡು ಸಾವಿರ ವರ್ಷಕ್ಕೂ ಹಿಂದಿನ ಜನ ಎತ್ತಿ ನಿಲ್ಲಿಸಿದ ನೂರಾರು ಶಿಲಾಗೃಹಗಳ ನಡುವೆ ಹೋಗಿ ನಿಲ್ಲುವಂಥ ಜಾಗ ಕರ್ನಾಟಕದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆದರೂ ಹೋದವರಲ್ಲಿ ಬಹಳಷ್ಟು ಮಂದಿ ಅರ್ಧ ನೋಡಿ ಬರುತ್ತಾರೆ. ತಡವಾಗಿ ಹೊರಡುತ್ತಾರೆ, ಮೇಲೆ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿರುತ್ತದೆ, ನೀರು ಮುಗಿಯುತ್ತಾ ಬಂದಿರುತ್ತದೆ. ಮೊದಲು ಕಂಡ ನಾಲ್ಕು ಮನೆಗಳ ಮುಂದೆ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಇಲ್ಲಿ ಹತ್ತುವ ಶ್ರಮ ದೊಡ್ಡದಲ್ಲ. ಮೇಲೆ ಕನಿಷ್ಠ ಎರಡು ಗಂಟೆ ಉಳಿಸಿಕೊಳ್ಳುವುದೇ ಇಡೀ ನಡಿಗೆಯ ಗುಟ್ಟು.

ಊರು ಗಂಗಾವತಿಯಿಂದ ಪಶ್ಚಿಮಕ್ಕೆ ಸುಮಾರು 10 ಕಿ.ಮೀ., ಹೊಸಪೇಟೆಯಿಂದ ಸುಮಾರು 35 ಕಿ.ಮೀ. ಹಂಪಿ ನೋಡಲು ಬಂದವರು ಒಂದು ಬೆಳಗನ್ನು ಇದಕ್ಕೆ ಎತ್ತಿಡುವುದು ವಾಡಿಕೆ. ಆದರೆ ಹಂಪಿಯಲ್ಲಿ ತಿಂಡಿ ಮುಗಿಸಿ ಹೊರಟರೆ ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಗಂಟೆ ಒಂಬತ್ತಾಗಿರುತ್ತದೆ, ಆಗಲೇ ಬಂಡೆ ಕಾಯಲು ಶುರುವಾಗಿರುತ್ತದೆ. ಹಿಂದಿನ ರಾತ್ರಿ ಗಂಗಾವತಿಯಲ್ಲೇ ಉಳಿದು, ತಿಂಡಿ ಕಟ್ಟಿಸಿಕೊಂಡು, ಸೂರ್ಯ ಹುಟ್ಟಿದೊಡನೆ ಹೆಜ್ಜೆ ಹಾಕುವುದು ಸರಿಯಾದ ಕ್ರಮ. ನವೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಹೋಗಬೇಕು. ಮಾರ್ಚ್ ದಾಟಿದ ಮೇಲೆ ಈ ಸೀಮೆಯ ಬಿಸಿಲು 40 ಡಿಗ್ರಿಯ ಹತ್ತಿರ ಓಡಾಡುತ್ತದೆ. ಗ್ರಾನೈಟ್ ಬಂಡೆ ಹಗಲೆಲ್ಲ ನುಂಗಿದ ಶಾಖವನ್ನು ಕೆಳಗಿನಿಂದ ಉಗುಳುತ್ತದೆ, ಆಗ ತಲೆಗೆ ಟೋಪಿ ಹಾಕಿದರೆ ಸಾಲದು. ಮಳೆಗಾಲದಲ್ಲಿ ಗುಡ್ಡ ಹಸಿರಾಗಿ ಕಣ್ಣಿಗೆ ಹಬ್ಬವೇ ಸರಿ, ಆದರೆ ಒದ್ದೆ ಬಂಡೆಯ ಮೇಲೆ ಪಾಚಿ ಕಟ್ಟಿದ ಕಪ್ಪು ಪಟ್ಟೆಗಳು ಎಂಥ ಬೂಟನ್ನೂ ಜಾರಿಸುತ್ತವೆ.

ದಾರಿ ಕೇಳುವಾಗ 'ಡಾಲ್ಮೆನ್' (ಕಲ್ಮನೆ), 'ಮೆಗಾಲಿಥಿಕ್ ಸೈಟ್' (ಬೃಹತ್ ಶಿಲೆಗಳ ನೆಲೆ) ಎಂದರೆ ಎದುರಿಗಿದ್ದವರು ಮುಖ ನೋಡುತ್ತಾರೆ. 'ಯಜಮಾನ್ರ, ಮೊರೇರ ಗುಡ್ಡಕ್ಕ ಹೆಂಗ ಹೋಗ್ಬೇಕ್ರಿ?' ಎಂದು ಕೇಳಿ, ಕೈ ತಾನಾಗಿಯೇ ಗುಡ್ಡದ ಕಡೆ ಹೋಗುತ್ತದೆ. ಮೊರೇರು ಎಂಬ ಕುಳ್ಳ ಜನ ಇಲ್ಲಿ ವಾಸವಾಗಿದ್ದರು, ಈ ಕಲ್ಮನೆಗಳು ಅವರವು ಎಂಬುದು ಈ ಭಾಗದ ನಂಬಿಕೆ. ಗುಡ್ಡಸಾಲಿಗೆ ಏಳು ಗುಡ್ಡಗಳು ಎಂಬ ಹೆಸರೂ ಇದೆ. ಮೊರೇರ ಎಂಬ ಮಾತು ಕಿವಿಗೆ ಬಿದ್ದೊಡನೆ ಅಶೋಕನ ಮೌರ್ಯರನ್ನು ತಂದು ಜೋಡಿಸುವವರಿದ್ದಾರೆ, ಅಷ್ಟು ಅವಸರ ಬೇಡ. ಇಲ್ಲಿನ ಸಮಾಧಿಗಳನ್ನು ಕ್ರಿ.ಪೂ. 800ರಿಂದ ಕ್ರಿ.ಪೂ. 200ರ ನಡುವಿನವು ಎಂದು ಹೇಳುತ್ತಾರೆ. ಎಂದರೆ ಬಹುಪಾಲು ಕಾಲ ಮೌರ್ಯರಿಗೂ ಹಿಂದಿನದು.

ಹಾದಿಯನ್ನು ಮೂರು ಭಾಗ ಮಾಡಿಕೊಂಡು ನೋಡುವುದು ಒಳ್ಳೆಯದು. ಬುಡದಲ್ಲಿ ಮಣ್ಣುದಾರಿ, ಎರಡೂ ಕಡೆ ಮುಳ್ಳಿನ ಪೊದೆ, ಮಧ್ಯೆ ಸೀತಾಫಲದ ಗಿಡಗಳು. ಇದು ಮಲೆನಾಡಿನ ನೆರಳಿನ ಕಾಡಲ್ಲ, ಬಯಲುಸೀಮೆಯ ಕುರುಚಲು ಕಾಡು. ಮರ ತಲೆಯ ಮೇಲೆ ಬರುವುದು ಅಪರೂಪ, ಪೊದೆ ಮೊಣಕಾಲಿಗೆ ಬರುವುದು ಪದೇ ಪದೇ. ನಡುವೆ ಕಲ್ಲುಗುಂಡುಗಳ ಏರು. ಇಲ್ಲಿ ಒಂದೆರಡು ಕಡೆ ಕೈ ಊರಿ ಹತ್ತಬೇಕಾಗುತ್ತದೆ. ಕೊನೆಗೆ ಹಾಸುಬಂಡೆ, ಅದನ್ನು ದಾಟಿದರೆ ಸಮತಟ್ಟಾದ ನೆತ್ತಿ. ಸಾಮಾನ್ಯ ಕಾಲ್ನಡಿಗೆಯ ಅಭ್ಯಾಸ ಇದ್ದವರಿಗೆ ಒಂದು ಗಂಟೆಯ ಆಸುಪಾಸು ಸಾಕು. ಮಕ್ಕಳು, ಹಿರಿಯರು ಜೊತೆಗಿದ್ದರೆ ಒಂದೂವರೆ ಗಂಟೆ ಹಿಡಿಯಿರಿ.

ಬಂಡೆಗಳ ಮೇಲೆ ಬಣ್ಣದಲ್ಲಿ ಬರೆದ ಬಾಣದ ಗುರುತುಗಳಿವೆ. ಹತ್ತುವಾಗ ಅವು ಉಪಕಾರಿಯೇ. ತೊಂದರೆ ಬರುವುದು ಇಳಿಯುವಾಗ. ಹತ್ತುವವರ ಕಣ್ಣಿಗೆ ಎದುರಾಗುವಂತೆ ಬರೆದ ಗುರುತು ಇಳಿಯುವವರಿಗೆ ಕಲ್ಲಿನ ಆಚೆ ಮಗ್ಗುಲಲ್ಲಿ ಮರೆಯಾಗಿರುತ್ತದೆ. ಸಾಲದ್ದಕ್ಕೆ ದನ, ಕುರಿ ಓಡಾಡಿದ ಅಡ್ಡಹಾದಿಗಳು ನಿಜವಾದ ದಾರಿಗಿಂತ ಹೆಚ್ಚು ಸವೆದು ನುಣುಪಾಗಿರುತ್ತವೆ, ಕಾಲು ತಾನಾಗಿ ಅತ್ತ ಎಳೆಯುತ್ತದೆ. ಹಾಸುಬಂಡೆಯ ಮೇಲಂತೂ ಹೆಜ್ಜೆ ಗುರುತೇ ಉಳಿಯುವುದಿಲ್ಲ. ಉಪಾಯ ಸುಲಭ. ಹತ್ತುವಾಗಲೇ ಪ್ರತಿ ಕವಲಿನಲ್ಲಿ ನಿಂತು, ಹಿಂದಕ್ಕೆ ತಿರುಗಿ, ಬಂದ ದಾರಿಯ ಒಂದು ಫೋಟೊ ತೆಗೆದುಕೊಳ್ಳಿ. ಇಳಿಯುವಾಗ ಕಾಣುವುದು ಅದೇ ನೋಟ. ಮೊಬೈಲ್‌ನಲ್ಲಿ ಆ ಭಾಗದ ನಕ್ಷೆಯನ್ನು ಮೊದಲೇ ಇಳಿಸಿಕೊಂಡು, ನಡಿಗೆಯ ಜಾಡು ದಾಖಲಿಸುವ ಆ್ಯಪ್ ಬುಡದಲ್ಲೇ ಚಾಲೂ ಮಾಡಿ. ಬಾಣ ಕಾಣದೆ ಐದು ನಿಮಿಷ ನಡೆದಿದ್ದರೆ ಮುಂದೆ ಹೋಗಿ ಹುಡುಕುವ ಬದಲು ಕೊನೆಯ ಬಾಣದವರೆಗೆ ವಾಪಸ್ ಬನ್ನಿ. ಮುಳ್ಳಿನ ಪೊದೆಯಲ್ಲಿ ಸಿಕ್ಕಿಕೊಳ್ಳುವವರೆಲ್ಲ ಈ ಐದು ನಿಮಿಷವನ್ನು ಉಳಿಸಲು ಹೋದವರು.

ದಾರಿಯ ಬದಿಯ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ: ಜಿಂಕೆ, ನವಿಲು, ಮನುಷ್ಯರು. ಬಿಸಿಲಿನಿಂದ ಬಂದು ತಕ್ಷಣ ನೋಡಿದರೆ ಬರೀ ಕಲೆಯಂತೆ ಕಾಣುತ್ತವೆ. ಆಸರೆಯೊಳಗೆ ಕುಳಿತು ಐದು ನಿಮಿಷ ಸುಮ್ಮನಿರಿ, ಕಣ್ಣು ಹೊಂದಿಕೊಂಡ ಮೇಲೆ ಒಂದೊಂದೇ ಕಾಲು, ಕೊಂಬು, ಕೈ ಎದ್ದು ಬರುತ್ತವೆ. ಚಿತ್ರ ಚೆನ್ನಾಗಿ ಬರಲೆಂದು ಬಾಟಲಿಯ ನೀರು ಎರಚುವ ಕೆಟ್ಟ ಚಾಳಿಯೊಂದಿದೆ. ನೀರು ಆರುವಾಗ ಅದರಲ್ಲಿದ್ದ ಉಪ್ಪು ಬಂಡೆಯ ಮೇಲೆ ಬಿಳಿ ಪೊರೆಯಾಗಿ ಉಳಿಯುತ್ತದೆ, ಬಣ್ಣದ ಕಣ ಸಡಿಲವಾಗುತ್ತದೆ. ಕೈಯಿಂದ ಸವರುವುದೂ ಅಷ್ಟೇ ಕೆಟ್ಟದ್ದು, ಬೆವರಿನ ಜಿಡ್ಡಿಗೆ ಧೂಳು ಹಿಡಿಯುತ್ತದೆ. ಮೊಬೈಲ್‌ನ ಫ್ಲ್ಯಾಶ್ ಆರಿಸಿ, ಕ್ಯಾಮೆರಾದ ಬೆಳಕನ್ನು ಸ್ವಲ್ಪ ತಗ್ಗಿಸಿದರೆ ಕೆಂಪು ತಾನಾಗಿ ಗಾಢವಾಗುತ್ತದೆ.

ನೆತ್ತಿಗೆ ಬಂದ ಮೇಲೆ ಮನೆಗಳ ಕಡೆ ಓಡಬೇಡಿ, ಮೊದಲು ಹೊಂಡದ ಬಳಿ ನಿಲ್ಲಿ. ಇದು ಕಲ್ಲು ತೆಗೆದ ಜಾಗದಲ್ಲಿ ನೀರು ನಿಂತು ಆದ ಹೊಂಡ. ಮೇಲಿನ ಮನೆಗಳಿಗೆ ಕಲ್ಲು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಸುತ್ತಲಿನ ಬಂಡೆಯನ್ನು ಪಕ್ಕದಿಂದ ನೋಡಿ. ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಏಳುವುದು ಗ್ರಾನೈಟಿನ ಸ್ವಭಾವ. ಹಿಂದೆ ಆಳದಲ್ಲಿ ಭಾರದ ಕೆಳಗಿದ್ದ ಶಿಲೆ, ಮೇಲಿನ ಹೊರೆ ಸವೆದು ಹೋದಂತೆ ಹಿಗ್ಗಿ, ಮೇಲ್ಮೈಗೆ ಸಮಾನಾಂತರವಾಗಿ ಬಿರುಕು ಬಿಡುತ್ತದೆ. ಆ ಜನ ಮಾಡಿದ್ದು ಈ ಬಿರುಕನ್ನು ಗುರುತಿಸಿ, ತಾನಾಗಿ ಏಳಲು ಸಿದ್ಧವಾಗಿದ್ದ ಚಪ್ಪಡಿಯನ್ನು ಎಬ್ಬಿಸುವ ಕೆಲಸ. ಬೆಂಕಿ ಹಾಕಿ ಕಾಯಿಸಿ ಕಲ್ಲು ಬಿರಿಸುತ್ತಿದ್ದಿರಬಹುದು ಎಂಬ ಅಭಿಪ್ರಾಯವಿದೆ. ಚಪ್ಪಡಿಯ ಎರಡು ಮುಖಗಳು ಅಷ್ಟು ಸಪಾಟಾಗಿರುವುದಕ್ಕೆ ಉಳಿ ಹಿಡಿದು ತಿಂಗಳುಗಟ್ಟಲೆ ಕೆತ್ತಿದ್ದಾರೆ ಎಂದು ಊಹಿಸಬೇಕಾಗಿಲ್ಲ. ಮುಖ ಕಲ್ಲಿನದ್ದೇ, ಅಂಚು ಮನುಷ್ಯರದ್ದು. ಈ ಹೊಂಡವನ್ನು ನೋಡದೆ ಮನೆಗಳನ್ನು ನೋಡಿದರೆ 'ಇಷ್ಟು ಭಾರ ಹೇಗೆ ಹೊತ್ತರು' ಎಂದು ಬಾಯಿ ತೆರೆಯುವುದಷ್ಟೇ ಆಗುತ್ತದೆ. ನೋಡಿ ಹೋದರೆ, ಕೆಲಸ ಬಲ್ಲವರ ಜಾಣತನ ಕಣ್ಣಿಗೆ ಕಟ್ಟುತ್ತದೆ.

ಈಗ ಮನೆಗಳು. ಇಡೀ ನೆಲೆಯಲ್ಲಿ ಸುಮಾರು 400 ಶಿಲಾ ಸಮಾಧಿಗಳಿವೆ ಎಂಬುದು ಲೆಕ್ಕ. ಸೊಂಟದೆತ್ತರದವೂ ಇವೆ, ಸುಮಾರು 3 ಮೀಟರ್ ಎತ್ತರದವೂ ಇವೆ. ದೊಡ್ಡ ಮನೆಯ ರಚನೆ ಹೇಳಲು ಸರಳ: ನಿಲ್ಲಿಸಿದ ಚಪ್ಪಡಿಗಳು ಗೋಡೆ, ಮೇಲೊಂದು ಮುಚ್ಚಳ ಬಂಡೆ. ಕೆಲವಕ್ಕೆ ಒಂದು ಮಗ್ಗುಲು ತೆರೆದೇ ಇದೆ, ಕೆಲವಕ್ಕೆ ಆ ಮಗ್ಗುಲಲ್ಲೂ ಚಪ್ಪಡಿ ಇದ್ದು ಅದರಲ್ಲೊಂದು ದುಂಡನೆಯ ಕಿಂಡಿ. ಗಾರೆಯಿಲ್ಲ, ಮೊಳೆಯಿಲ್ಲ. ಭಾರವೇ ಬೆಸುಗೆ.

ಒಂದು ಕಿಂಡಿಮನೆಯನ್ನು ಆರಿಸಿಕೊಂಡು ಅದರ ಮುಂದೆ ಕಾಲು ಗಂಟೆ ಕಳೆಯಿರಿ, ನೂರು ಮನೆ ಓಡಿ ನೋಡುವುದಕ್ಕಿಂತ ಅದು ಮೇಲು. ಕಿಂಡಿಯ ಅಂಚನ್ನು ಗಮನಿಸಿ. ಚಪ್ಪಡಿ ಒಡೆಯದಂತೆ ನಡುವೆ ದುಂಡಗೆ ತೂತು ಕೊರೆಯುವುದು ಇಡೀ ಮನೆಯಲ್ಲಿ ಅತ್ಯಂತ ನಾಜೂಕಿನ ಕೆಲಸ. ಪದರಪದರವಾಗಿ ಏಳುವ ಕಲ್ಲಿಗೆ ಒಂದು ಏಟು ಹೆಚ್ಚಾದರೆ ಇಡೀ ಹಲಗೆ ಸೀಳಿಹೋಗುತ್ತಿತ್ತು. ಆಮೇಲೆ ಗೋಡೆಗಳು ಸೇರುವ ಮೂಲೆಗೆ ಬನ್ನಿ. ಒಂದು ಚಪ್ಪಡಿ ಇನ್ನೊಂದನ್ನು ದಾಟಿ ಹೊರಗೆ ಚಾಚಿದೆಯೇ, ಎರಡೂ ಅಂಚಿಗೆ ಅಂಚು ಕೂಡಿವೆಯೇ ನೋಡಿ. ಒಂದನ್ನೊಂದು ಒತ್ತಿ ಹಿಡಿದರೆ ಮಾತ್ರ ಗೋಡೆ ಒಳಕ್ಕೆ ಬೀಳದೆ ಉಳಿಯುತ್ತದೆ. ಮುಚ್ಚಳ ಬಂಡೆಯ ಮೇಲೆ ಬೂದು ಬಣ್ಣದ ಕಲ್ಲುಹೂವು ಹರಡಿಕೊಂಡಿರುತ್ತದೆ. ಅದರ ನಡುವೆ ತಿಳಿ ಬಣ್ಣದ ಗೀರು ಕಂಡರೆ ಅದು ಇತ್ತೀಚೆಗೆ ಯಾರೋ ಹೆಸರು ಕೆತ್ತಿದ್ದು. ಕಲ್ಲಿನ ಮೈ ಹವೆಗೆ ಕಪ್ಪಾಗಲು ಶತಮಾನಗಳು ಬೇಕು, ಒಂದು ಕೀಲಿಕೈಯ ಗೀರು ಅದನ್ನು ಅರೆಗಳಿಗೆಯಲ್ಲಿ ಕೆರೆದುಬಿಡುತ್ತದೆ. ನೋಡಿದಾಗ ಹೊಟ್ಟೆ ಉರಿಯುತ್ತದೆ.

ಕಿಂಡಿಯೊಳಗೆ ತೂರಿ ಕೂರುವುದು, ಮಕ್ಕಳನ್ನು ಕೂರಿಸುವುದು, ಮುಚ್ಚಳದ ಮೇಲೆ ಹತ್ತುವುದು ಯಾವುದೂ ಬೇಡ. ಭಾರವೇ ಬೆಸುಗೆಯಾದ ಕಡೆ ಒಂದು ಗೋಡೆ ಸ್ವಲ್ಪ ಸರಿದರೂ ಮೇಲಿನ ಬಂಡೆ ಕೆಳಗೆ ಬರುತ್ತದೆ. ನಿಧಿಯ ಆಸೆಗೆ ಬುಡ ಅಗೆದ ಮನೆಗಳು, ಬೇರು ತೂರಿ ಸಡಿಲವಾದ ಮನೆಗಳು ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತವೆ. ಒಳಗೆ ಚೇಳು, ಹಾವು ಇರುವ ಸಂಭವವೂ ಇದೆ. ಹೊರಗೆ ನಿಂತು ಟಾರ್ಚ್ ಹಿಡಿದು ನೋಡಿದರೆ ಎಲ್ಲವೂ ಕಾಣುತ್ತದೆ. ಒಳಗೆ ಇರುವುದಾದರೂ ಖಾಲಿ ನೆಲ.

ನಗಾರಿ ಗುಂಡಿನ ವಿಷಯ ಬೇರೆಯಾಗಿಯೇ ಹೇಳಬೇಕು. ಎತ್ತರದ ಬಂಡೆಯ ಮೇಲೆ ಕುಳಿತ ಅರ್ಧಗೋಳದ ಕಲ್ಲು ಇದು, ಸುಮಾರು 2 ಮೀಟರ್ ಅಗಲ, 1.5 ಮೀಟರ್ ಎತ್ತರ. ಮರದ ಕೊಡತಿಯಿಂದ ಬಡಿದರೆ ಸದ್ದು ಒಂದು ಕಿ.ಮೀ. ದೂರಕ್ಕೆ ಕೇಳುತ್ತದೆ ಎನ್ನುತ್ತಾರೆ. ಬಂದವರೆಲ್ಲ ಇದನ್ನು ಪರೀಕ್ಷಿಸಲು ಹೋಗುತ್ತಾರೆ, ಅದೂ ಕೈಗೆ ಸಿಕ್ಕ ಕಲ್ಲಿನಿಂದ. ಕಲ್ಲಿಗೆ ಕಲ್ಲು ತಾಗಿದಾಗ ಪ್ರತಿ ಏಟಿಗೂ ಮೇಲ್ಮೈಯ ಹರಳು ಪುಡಿಯಾಗುತ್ತದೆ, ಬಿಳಿ ಚುಕ್ಕೆ ಉಳಿಯುತ್ತದೆ. ಒಬ್ಬರ ಹತ್ತು ಏಟು ಏನೂ ಅಲ್ಲ ಅನ್ನಿಸಬಹುದು, ಆದರೆ ವಾರಕ್ಕೆ ಎಷ್ಟು ಮಂದಿ ಎಂದು ಲೆಕ್ಕ ಹಾಕಿ. ಸದ್ದು ಕೇಳಲೇಬೇಕೆಂದಿದ್ದರೆ ಅಂಗೈಯಿಂದ ತಟ್ಟಿ, ಕಿವಿಯನ್ನು ಕಲ್ಲಿಗೆ ಹತ್ತಿರ ತನ್ನಿ, ಅಷ್ಟು ಸಾಕು. ಅಲ್ಲಿಗೆ ಹತ್ತುವ ಬಂಡೆಯೂ ಕಡಿದು. ಎತ್ತರದ ಭಯ ಇದ್ದವರು ಕೆಳಗಿನಿಂದ ನೋಡಿದರೂ ನಷ್ಟವಿಲ್ಲ.

ಸಾಮಾನಿನ ವಿಷಯಕ್ಕೆ ಬಂದರೆ, ಒಬ್ಬರಿಗೆ 3 ಲೀಟರ್ ನೀರು, ಇದರಲ್ಲಿ ರಾಜಿ ಇಲ್ಲ. ಬುಡದಲ್ಲೇ ಅರ್ಧ ಲೀಟರ್ ಕುಡಿದು ಹೊರಡಿ. ಒಂದೂವರೆ ಲೀಟರ್ ಮುಗಿಯಿತೆಂದರೆ ನೋಡುವುದು ಬಾಕಿ ಇದ್ದರೂ ಇಳಿಯಲು ಶುರುಮಾಡಿ. ಹೊಂಡದ ನೀರು ನಿಂತ ನೀರು, ದನ ಇಳಿಯುವ ನೀರು, ಕುಡಿಯಲು ಬಳಸಬೇಡಿ. ಓಆರ್‌ಎಸ್ ಪೊಟ್ಟಣ ಒಯ್ಯುವವರು ಒಂದು ತಪ್ಪು ಮಾಡುತ್ತಾರೆ: ಒಂದು ಲೀಟರಿಗೆ ಎಂದು ಬರೆದ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿಯುತ್ತಾರೆ. ಉಪ್ಪು ಸಕ್ಕರೆ ಗಟ್ಟಿಯಾದರೆ ದಾಹ ಹೆಚ್ಚುತ್ತದೆ, ಹೊಟ್ಟೆ ಕೆಡುತ್ತದೆ. ಪೊಟ್ಟಣದ ಮೇಲಿನ ಅಳತೆ ಓದಿ ಕಲಸಿ. ಬುತ್ತಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದರೆ ಕೆಡುವ ಭಯವಿಲ್ಲ. ಮೊಸರನ್ನ ಹತ್ತು ಗಂಟೆಯ ಬಿಸಿಲಿಗೆ ಹುಳಿಯಾಗುತ್ತದೆ.

ಚಪ್ಪಲಿ, ಸ್ಯಾಂಡಲ್ ಬೇಡ. ಮುಳ್ಳು ಚುಚ್ಚುವುದೊಂದೇ ಅಲ್ಲ, ಹಾಸುಬಂಡೆಯ ಮೇಲೆ ಉದುರಿದ ನುರುಜು ಕಾಲಡಿಯಲ್ಲಿ ಗೋಲಿಯಂತೆ ಉರುಳುತ್ತದೆ. ರಬ್ಬರಿನ ಮೆದು ಅಡಿ, ಆಳವಾದ ಗೆರೆ ಇರುವ ಬೂಟು ಬೇಕು. ಅಡಿ ಸವೆದು ನುಣುಪಾದ ಓಟದ ಬೂಟು ಇಳಿಜಾರಿನಲ್ಲಿ ಕೈಕೊಡುತ್ತದೆ. ಇಳಿಯುವಾಗ ಹಿಮ್ಮಡಿ ಊರಿ ಹಿಂದಕ್ಕೆ ವಾಲಿದರೆ ಜಾರುವುದು ಖಚಿತ. ಮೊಣಕಾಲು ಸ್ವಲ್ಪ ಬಾಗಿಸಿ, ಇಡೀ ಪಾದ ಊರಿ, ಅಡ್ಡಡ್ಡ ಇಳಿಯಬೇಕು. ಪೂರ್ತಿ ತೋಳಿನ ಅಂಗಿ, ದಪ್ಪ ಪ್ಯಾಂಟು ಹಾಕಿ. ಮಳೆ ಮುಗಿದ ಮೇಲೆ ಒಣಗಿದ ಹುಲ್ಲಿನ ಚೂಪು ಕಾಳುಗಳು ಕಾಲುಚೀಲಕ್ಕೆ ಹೊಕ್ಕು ಒಳಗೊಳಗೇ ಚುಚ್ಚುತ್ತವೆ, ಪ್ಯಾಂಟನ್ನು ಕಾಲುಚೀಲದ ಮೇಲೆ ಇಳಿಬಿಟ್ಟರೆ ಅರ್ಧ ಕಾಟ ಕಡಿಮೆ.

ಈ ಗುಡ್ಡಗಾಡು ಕರಡಿ, ಚಿರತೆಗಳ ಸೀಮೆ. ಹಗಲಿನಲ್ಲಿ ಅವು ಮನುಷ್ಯರ ಸದ್ದಿಗೆ ದೂರ ಸರಿಯುತ್ತವೆ. ಸೂರ್ಯೋದಯಕ್ಕೂ ಮೊದಲು ಹತ್ತುವುದು, ಸೂರ್ಯಾಸ್ತ ನೋಡಿ ಇಳಿಯುವುದು ಎರಡೂ ಬೇಡ. ಒಂಟಿಯಾಗಿ ಹೋಗಬೇಡಿ. ಕಲ್ಲಿನ ಮರೆ, ಗವಿಯ ಬಾಯಿಗೆ ಹತ್ತಿರವಾಗುವಾಗ ಮಾತಾಡುತ್ತ ಹೋಗಿ, ಕರಡಿಗೆ ತಟ್ಟನೆ ಎದುರಾಗುವುದೇ ಅಪಾಯದ ಮೂಲ. ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಂಡರೆ ಸುತ್ತಿ ಹೋಗಿ. ಬೀಡಿ, ಸಿಗರೇಟು, ಒಲೆ, ಗಾಢ ಸೆಂಟು, ಸ್ಪೀಕರಿನ ಹಾಡು ಯಾವುದೂ ಬೇಡ. ಹೆಜ್ಜೇನು ಎದ್ದರೆ ಬಯಲು ಬಂಡೆಯ ಮೇಲೆ ಅಡಗಲು ಜಾಗವಿಲ್ಲ.

ಮೊದಲ ಸಲ ಹೋಗುವವರು ಊರಿನ ಒಬ್ಬರನ್ನು ಜೊತೆಗೆ ಕರೆದುಕೊಳ್ಳುವುದು ಹಣಕ್ಕೆ ತಕ್ಕ ಖರ್ಚು. ಕುರಿ ಮೇಯಿಸುವವರಿಗೆ ಗೊತ್ತಿರುವಷ್ಟು ದಾರಿ ಯಾವ ನಕ್ಷೆಗೂ ಗೊತ್ತಿಲ್ಲ. ಕೂಲಿಯನ್ನು ಹೊರಡುವ ಮೊದಲೇ ಮಾತಾಡಿ, ಅದಕ್ಕಿಂತ ಮುಖ್ಯವಾಗಿ ಏನೇನು ತೋರಿಸಬೇಕೆಂದು ಹೇಳಿ: ಚಿತ್ರದ ಕಲ್ಲಾಸರೆ, ಹೊಂಡ, ಕಿಂಡಿಮನೆಗಳು, ನಗಾರಿ ಗುಂಡು. ಹೇಳದಿದ್ದರೆ ಮೊದಲ ಗುಂಪಿನ ಮನೆಗಳಲ್ಲೇ 'ಇಷ್ಟ ನೋಡ್ರಿ' ಎಂದು ಮುಗಿಯುವ ಸಾಧ್ಯತೆ ಇದೆ. ತಪ್ಪು ಅವರದ್ದಲ್ಲ, ಬಂದವರೆಲ್ಲ ಅಷ್ಟಕ್ಕೇ ತೃಪ್ತರಾಗಿ ಹೋಗಿರುತ್ತಾರೆ.

ಇನ್ನು ಕಡಿತ ಮಾಡಿದ ಅಂಕದ ಮಾತು. ಈ ನೆಲೆಯನ್ನು ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಗುರುತಿಸಿದ್ದು 1835ರಲ್ಲಿ. ಈಗ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ, 2021ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ತಾಣಗಳ ತಾತ್ಕಾಲಿಕ ಪಟ್ಟಿಗೂ ಸೇರಿತು. ಇಷ್ಟು ದೊಡ್ಡ ಹೆಸರಿನ ಜಾಗಕ್ಕೆ ಹೊರಟವರು ದಾರಿಯಲ್ಲಿ ನೀರು, ಶೌಚಾಲಯ, ತಿಂಡಿ ಯಾವುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಶೌಚದ ಕೆಲಸ ಗಂಗಾವತಿಯಲ್ಲೇ ಮುಗಿಸಿ ಬರಬೇಕು, ಹೆಣ್ಣುಮಕ್ಕಳಿಗೆ ಇದು ಸಣ್ಣ ಮಾತಲ್ಲ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಎಂದು 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಹೇಳುತ್ತದೆ. ಕಾನೂನು ಗೊತ್ತಿದ್ದವನೂ ಎದುರಿಗಿರುವುದು ಏನೆಂದು ಗೊತ್ತಿಲ್ಲದಿದ್ದರೆ ಕಲ್ಲಿನ ಮೇಲೆ ಹತ್ತುತ್ತಾನೆ. ಹೊಂಡ ಯಾಕೆ ಮುಖ್ಯ, ಕಿಂಡಿ ಹೇಗೆ ಕೊರೆದರು ಎಂದು ಕನ್ನಡದಲ್ಲಿ ಹತ್ತು ಸಾಲು, ಜೊತೆಗೊಂದು ನಕ್ಷೆ, ಇಳಿಯುವವರಿಗೂ ಕಾಣುವ ಬಾಣ: ಈ ಮೂರು ಸರಿಯಾಗಿದ್ದರೆ ಐದಕ್ಕೆ ಐದು.

ಐಹೊಳೆಯ ಮೇಗುತಿ ಗುಡ್ಡದಲ್ಲೂ ಇಂಥ ಸಮಾಧಿಗಳಿವೆ. ಅಲ್ಲಿ ಮೆಟ್ಟಿಲಿದೆ, ಕ್ರಿ.ಶ. 634ರ ರವಿಕೀರ್ತಿಯ ಶಾಸನವಿರುವ ಗುಡಿಯಿದೆ, ಮೊಣಕಾಲು ನೋವಿನವರಿಗೆ ಅದೇ ಸರಿ. ಕೇರಳದ ಮರಯೂರಿನ ಮುನಿಯರ ಎಂಬ ಕಲ್ಮನೆಗಳು ಗಂಧದ ಕಾಡಿನ ಸೀಮೆಯಲ್ಲಿವೆ, ತಂಪು ಹವೆ ಬೇಕೆನ್ನುವವರು ಅತ್ತ ಹೋಗಬಹುದು. ಎಣಿಕೆಯಲ್ಲಿ, ಗಾತ್ರದಲ್ಲಿ, ಕಲ್ಲು ತೆಗೆದ ಜಾಗ ಮತ್ತು ಕಟ್ಟಿದ ಮನೆ ಎರಡನ್ನೂ ಒಂದೇ ನಡಿಗೆಯಲ್ಲಿ ತೋರಿಸುವುದರಲ್ಲಿ ಹಿರೇಬೆಣಕಲ್ ಇವೆರಡಕ್ಕಿಂತ ಮುಂದೆ.

ಹತ್ತೂವರೆಗೆ ಇಳಿಯಲು ಶುರುಮಾಡಿದರೆ ಹನ್ನೆರಡರೊಳಗೆ ಬುಡದಲ್ಲಿರುತ್ತೀರಿ. ಊಟ ಮುಗಿಸಿ ಸಂಜೆ ಬಿಸಿಲು ಇಳಿದ ಮೇಲೆ ಕೊಪ್ಪಳಕ್ಕೆ ಹೋಗಿ ಗವಿಮಠದ ಬಳಿಯ ಅಶೋಕನ ಶಾಸನ ನೋಡಬಹುದು. ಪಾಲ್ಕಿಗುಂಡು ಬೆಟ್ಟದ ಶಾಸನಕ್ಕೆ ಮತ್ತೆ ಬಂಡೆ ಹತ್ತಬೇಕು, ಕಾಲಲ್ಲಿ ಕಸುವು ಉಳಿದಿದ್ದರೆ ಮಾತ್ರ ಅದನ್ನು ಸೇರಿಸಿಕೊಳ್ಳಿ.